ಕರಿ ಉಣ್ಣಿ, ಕೆಂಗುರಿ ಟಗರು

ಹತ್ತಿ, ತೊಗರಿ ಸುದ್ದಿ ಬಿಟ್ಟು ಇವತ್ತು ಉಣ್ಣಿ ಬಗ್ಗೆ ಬರೀತೀನಿ. ಕುರಿ ಇದ್ದವರು ಪೂರ್ತಿ ಓದ್ರಿ.

ನಮ್ಮ ಮಗಳು ರಾಯಚೂರಿನಾಗ ಹೊಲಿಗೆ ಕೆಲಸ ಮಾಡ್ತಾಳ, ಹೆಣಿಗೆನೂ ಬರ್ತದ. ದೀಪಾವಳಿಗೆ ಊರಿಗೆ ಬಂದಾಕಿ, ಬದುವಿನ ಮ್ಯಾಲ ಚೀಲದಾಗ ಕೊಳೀತಿದ್ದ ಉಣ್ಣಿ ನೋಡಿ, "ಅಪ್ಪಾ, ಇದನ್ಯಾಕ ಒಗದೀರಿ? ಸ್ವೆಟರ್ ಹೆಣೀತೀನಿ ಕೊಡ್ರಿ" ಅಂದಳು. ನಾನು ನಕ್ಕೆ. ಉಣ್ಣಿ ಕೊಳ್ಳೋರು ನಮ್ಮೂರಿಗೆ ಬರೋದು ಬಿಟ್ಟು ಎಷ್ಟೋ ವರ್ಷ ಆತು. ಕತ್ತರಿಸೋ ಕೂಲಿ ಸುದ್ದಾ ಹುಟ್ಟಲ್ಲ. ಆದ್ರೂ ವರ್ಷಕ್ಕ ಎರಡು ಸಲ ಕತ್ತರಿಸಲೇಬೇಕು, ಇಲ್ಲಾಂದ್ರ ಉಣುಗು ಹತ್ತಿ ಕುರಿ ಸೊರಗ್ತಾವ.

ನಮ್ಮ 14 ಕರಿ ಕುರಿಗೆ ಹೊಸದಾಗಿ ಕತ್ತರಿ ಹಾಕಿಸಿದಾಗ 3 ಕಿಲೋ ಬಂತು. ಉತ್ತರಾಣಿ ಮುಳ್ಳು, ಹಿಕ್ಕಿ, ಮಣ್ಣು ತೆಗೆದು ತೊಳೆದ ಮ್ಯಾಲ 2 ಕಿಲೋನೂ ಉಳಿಲಿಲ್ಲ. ಮಾನ್ವಿ ಕಡೆ ಹಳ್ಳ್ಯಾಗ ನಮ್ಮ ದೊಡ್ಡವ್ವ ಇದ್ದಾಳ, ಇನ್ನೂ ರಾಟಿ ತಿರುಗಸ್ತಾಳ. ಆಕಿ ನೂತು ಕೊಟ್ಟಳು. ಮಗಳು ಹೆಣೆದು, ತಾನೇ ಹಾಕ್ಕೊಂಡು ನೋಡಿದಳು. ಒಂದು ತಾಸಿನಾಗ ಕುತ್ತಿಗಿ ಕೆಂಪಾತು!

ದೊಡ್ಡವ್ವ ಬೈದಳು. "ಇದು ಹೊದಿಯೋ ಉಣ್ಣಿ, ಬರೇ ಮೈಗೆ ಹಾಕೋದಲ್ಲ." ಖರೇನೇ. ಅಂಗಡಿ ಸ್ವೆಟರಿನ ಮೆರಿನೋ ಎಳಿ 20 ಮೈಕ್ರಾನ್ ಆಸುಪಾಸು ಇರ್ತದ, ನಮ್ಮ ದಖನಿ ಕುರಿದು 40 ದಾಟ್ತದ. ಚಳ್ಳಕೆರೆ, ಮೆಡ್ಲೇರಿ ಕಂಬಳಿ ಹೆಸರು ಮಾಡಿದ್ದು ಇಂಥ ಒರಟು ಉಣ್ಣಿಯಿಂದಾನೇ. ಕಂಬಳಿ ನೂಲಿಗೆ ಹುಣಸಿ ಬೀಜದ ಗಂಜಿ ಹಾಕಿ ಮತ್ತಷ್ಟು ಬಿರುಸು ಮಾಡ್ತಾರ. ಹೆಣಿಗೆಗೆ ಗಂಜಿ ಹಾಕಬಾರ್ದು, ನೂಲು ಸಡಿಲ ನೂಲಬೇಕು, ಹೊಟ್ಟಿ-ಕಾಲಿನ ಉಣ್ಣಿ ಬ್ಯಾರೆ ಇಡಬೇಕು, ಮರಿಯ ಮೊದಲ ಕತ್ತರಿ ಉಣ್ಣಿ ಆದ್ರ ಇನ್ನೂ ಚಲೋ, ಅಂತ ದೊಡ್ಡವ್ವ ಹೇಳಿದಳು.

ನಮ್ಮಲ್ಲಿ ಮರಿ ಉಣ್ಣಿ ಇರಲಿಲ್ಲ (ಯಾಕಂತ ಮುಂದ ಹೇಳ್ತೀನಿ). ಹೊಲದಾಗ ಕುರಿ ನಿಲ್ಲಿಸಾಕ ಬಂದಿದ್ದ ಕುರಿಗಾರರ ಹತ್ರ ಕೇಳಿದೆ. ರೊಕ್ಕ ಬ್ಯಾಡ ಅಂದ್ರು, ಎರಡು ಸೇರು ಜ್ವಾಳ ಇಸಗೊಂಡು ಒಂದು ಚೀಲ ಕೊಟ್ರು. ಅದ್ರಾಗ ಮಗಳು ಈ ಸಲ ತೋಳಿಲ್ಲದ ಅಂಗಿ ಹೆಣೆದಳು, ಅಂಗಿ ಮ್ಯಾಲ ಹಾಕೋವಂಥದ್ದು. ಕುತ್ತಿಗಿ ಸುತ್ತ ಒಳಗ ಹತ್ತಿ ಬಟ್ಟಿ ಹೊಲದಾಳ. ಬಣ್ಣ ಹಾಕಿಲ್ಲ, ಕುರಿದೇ ಕರಿ ಬಣ್ಣ. ಮೊದಲನೇದು ನನಗೇ ಕೊಟ್ಟಳು. ರಾತ್ರಿ ಕಾಲುವಿ ನೀರು ಕಟ್ಟಾಕ ಹೋದಾಗ ಹಾಕ್ಕೋತೀನಿ. ಮಂಜು ಬಿದ್ರೂ ಒಳಗ ಇಳಿಯಲ್ಲ.

ರಾಯಚೂರಿನಾಗ ನೋಡಿದವರು ಇಂಥವು ಇನ್ನೂ ಐದು ಬೇಕಂದಾರ. ಒಂದಕ್ಕ 1,800 ರೂಪಾಯಿ ಅಂತ ಮಗಳು ಹೇಳ್ಯಾಳ. ನೂಲೋದು, ಹೆಣೆಯೋದು ಸೇರಿ ಎಷ್ಟು ದಿನ ಹಿಡೀತದ ನೋಡಿದ್ರ ಅದೇನು ಹೆಚ್ಚಲ್ಲ.

ಆದ್ರ ಉಣ್ಣಿ ಎಲ್ಲಿಂದ ತರೋದು? ಮೂರು ವರ್ಷದ ಹಿಂದ ಕರಿ ಟಗರು ಮಾರಿ ಕೆಂಗುರಿ ಟಗರು ಬಿಟ್ಟಾಂವ ನಾನೇ. ಮರಿ ದಪ್ಪ ಬರ್ತಾವ, ಸಂತ್ಯಾಗ ರೇಟು ಸಿಗ್ತದ. ಆದ್ರ ಅವುಗಳ ಮೈಮ್ಯಾಲ ಬರೇ ಕೂದಲು, ಕತ್ತರಿಸಾಕ ಏನೂ ಇಲ್ಲ. ನನ್ನನ್ನ ನೋಡಿ ಓಣ್ಯಾಗ ಇನ್ನೂ ನಾಕು ಮಂದಿ ಹಂಗೇ ಮಾಡಿದ್ರು. ತಪ್ಪು ಮಾಡಿದೆ ಅಂತ ಪೂರ್ತಿ ಹೇಳಾಕೂ ಬಾಯಿ ಬರಲ್ಲ, ಮಗಳಿಗೆ ಹೊಲಿಗೆ ಮಷಿನ್ ಕೊಡಿಸಿದ್ದು ಆ ಮರಿ ರೊಕ್ಕದಾಗೇ. ಈಗ ಇರೋ 14 ಕರಿ ಕುರಿನೂ ಮುದಿಯಾಗ್ಯಾವ.

ದೊಡ್ಡವ್ವನ ಕಣ್ಣೂ ಮಂಜಾಗ್ಯಾವ. ಮಗಳು ಐತವಾರಕ್ಕೊಮ್ಮೆ ಮಾನ್ವಿ ಬಸ್ ಹತ್ತಿ ನೂಲೋದು ಕಲಿಯಾಕ ಹೋಗ್ತಾಳ. ನೂಲು ಇನ್ನೂ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗ ಬರ್ತದ.

ದೇವದುರ್ಗ, ಮಾನ್ವಿ ಕಡೆ ಯಾರ ಹಿಂಡಿನಾಗಾದ್ರೂ ಮೈತುಂಬ ಉಣ್ಣಿ ಇರೋ ಕರಿ ಟಗರು ಇದ್ರ ಹೇಳ್ರಿ. ಮಾರೋದಾದ್ರೂ ಸರಿ, ಎರಡು ತಿಂಗಳು ನಮ್ಮ ಹಿಂಡಿನಾಗ ಬಿಟ್ರೂ ಸರಿ. ಮೇವು ನಂದು. ಕತ್ತರಿಸಿದ ಉಣ್ಣಿ ಇದ್ರ ಬದುವಿಗೆ ಚೆಲ್ಲಬ್ಯಾಡ್ರಿ, ಒಣ ಚೀಲದಾಗ ಕಟ್ಟಿಡ್ರಿ, ನಾನೇ ಬಂದು ಒಯ್ತೀನಿ.