ಗರಗಸದ ಉಸಿರು

ಯಂತ್ರವು ಕೆಟ್ಟಿತೆಂದೊಡನೆ ನಮ್ಮ ದೃಷ್ಟಿಯು ಅದರ ದೊಡ್ಡ ಅವಯವಗಳ ಕಡೆಗೇ ಹರಿಯುವುದು ಸ್ವಾಭಾವಿಕ. ಆದರೆ ಅನೇಕ ವೇಳೆ ದೋಷವಿರುವುದು ಕಣ್ಣಿಗೆ ಬೀಳದ ಒಂದು ರಬ್ಬರಿನ ಉಂಗುರದಲ್ಲಿ, ಇಲ್ಲವೆ ಎರಡು ಲೋಹಗಳ ನಡುವಿನ ತೆಳುವಾದ ಕಾಗದದಲ್ಲಿ. ಮರ ಕೊಯ್ಯುವ ಸರಪಳಿ ಗರಗಸದ ಮಟ್ಟಿಗೆ ಈ ಮಾತು ಎಷ್ಟು ನಿಜವೆಂಬುದನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ನಮ್ಮ ಅಳ್ನಾವರವು ಕಟ್ಟಿಗೆಯ ಊರು. ಬ್ರಿಟಿಷರ ಕಾಲದಲ್ಲಿ ಇಲ್ಲಿಂದ ದಾಂಡೇಲಿಗೆ ರೈಲುದಾರಿಯನ್ನು ಹಾಕಿದುದು ಅಡವಿಯ ಮರವನ್ನು ಸಾಗಿಸುವುದಕ್ಕಾಗಿ. ಅಂದು ಕೊಡಲಿಯೂ, ಇಬ್ಬರು ಎಳೆಯುವ ಗರಗಸವೂ ಮಾಡುತ್ತಿದ್ದ ಕೆಲಸವನ್ನು ಇಂದು ಒಬ್ಬನ ಕೈಯಲ್ಲಿಯ ಪೆಟ್ರೋಲು ಗರಗಸವು ಮಾಡುತ್ತದೆ. ಗಾಳಿಮಳೆಗೆ ಮುರಿದ ಕೊಂಬೆಯನ್ನು ಕೊಯ್ಯಲಿಕ್ಕೆ, ಉರುವಲವನ್ನು ತುಂಡರಿಸಲಿಕ್ಕೆ ಒಕ್ಕಲುತನದ ಮನೆಗಳಲ್ಲಿಯೂ ಅದು ಬಂದು ಸೇರಿದೆ.

ಹೋದ ಮಳೆಗಾಲದ ತರುವಾಯ ನಮ್ಮ ಮನೆಯ ಗರಗಸವು ಒಂದು ವಿಚಿತ್ರ ಹಟವನ್ನು ಹಿಡಿಯಿತು. ಬೆರಳನ್ನು ಸಡಿಲಿಸಿದರೂ ಇಂಜಿನ್ನು ಅರಚುತ್ತಲೇ ಇರುವುದು, ಸರಪಳಿಯು ನಿಲ್ಲಲೊಲ್ಲದು. ದುರಸ್ತಿಯ ಅಂಗಡಿಯವರೊಬ್ಬರು ಮೂರು ಸಲವೂ ಕಾರ್ಬುರೇಟರಿನ ತಿರುಪನ್ನೇ ತಿರುವಿ ಹಿಂದಕ್ಕೆ ಕೊಟ್ಟರು. ಎರಡು ದಿನ ನೆಟ್ಟಗಿದ್ದು ಮತ್ತೆ ಅದೇ ಹಾಡು! ನಿಲ್ಲದ ಆ ಸರಪಳಿಯು ನಮ್ಮ ತಮ್ಮನ ಮೊಣಕಾಲಿನಿಂದ ಗೇಣು ಅಂತರದಲ್ಲಿ ಹಾದುಹೋದ ದಿನ, ದೋಷದ ಮೂಲವನ್ನು ಕಂಡೇ ತೀರಬೇಕೆಂದು ನಿಶ್ಚಯಿಸಿದೆವು.

ಈ ಇಂಜಿನ್ನು, ಇಂಗ್ಲಂಡದ ಜೋಸೆಫ್ ಡೇ ಎಂಬವನು 1890ರ ಸುಮಾರಿಗೆ ರೂಪಿಸಿದ ಟೂ-ಸ್ಟ್ರೋಕ್ ಜಾತಿಯದು. ಇದರಲ್ಲಿ ಕ್ರ್ಯಾಂಕ್ ಕೇಸು ಬರಿಯ ಪೆಟ್ಟಿಗೆಯಲ್ಲ, ಕಂಬಾರನ ತಿದಿಯೇ ಸರಿ. ಪಿಸ್ಟನ್ನು ಮೇಲೇರುವಾಗ ಅದು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನು ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ತಿದಿಯ ತೊಗಲು ತೂತಾದರೆ ಕುಲುಮೆಯ ಗತಿಯೇನು? ಕ್ರ್ಯಾಂಕಿನ ದಂಡವು ಹೊರಬೀಳುವ ಎರಡು ತುದಿಗಳ ಸೀಲುಗಳು ಸವೆದರೆ, ಅಥವಾ ಸಂದುಗಳ ಪ್ಯಾಕಿಂಗು ಹರಿದರೆ, ಹೊರಗಿನ ಗಾಳಿಯು ನುಗ್ಗಿ ಮಿಶ್ರಣವು ತೆಳುವಾಗುತ್ತದೆ. ಎಣ್ಣೆಯೂ ಪೆಟ್ರೋಲಿನಲ್ಲಿಯೇ ಬೆರೆತಿರುವುದರಿಂದ ಒಂದು ಕಡಮೆಯಾದರೆ ಇನ್ನೊಂದೂ ಕಡಮೆ. ಇಂಜಿನ್ನು ಮಿತಿಮೀರಿ ಓಡಿ, ಕಾದು, ಪಿಸ್ಟನ್ನು ಗೀರುಬಿದ್ದು ಹಾಳಾಗುತ್ತದೆ. ತಿರುಪನ್ನು ತಿರುವುವುದು ಜ್ವರಕ್ಕೆ ಹಾಕಿದ ತಣ್ಣೀರಪಟ್ಟಿ. ಅದು ರೋಗಕ್ಕೆ ಮದ್ದಲ್ಲ.

ಈ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರು ಬಂದು, ಬಿಚ್ಚುವ ಮೊದಲು ಪರೀಕ್ಷಿಸಿದರು. ಹೊಗೆಬಾಯಿಯನ್ನೂ ಕಾರ್ಬುರೇಟರಿನ ಬಾಯಿಯನ್ನೂ ಸೈಕಲ್ ಟ್ಯೂಬಿನ ತುಂಡುಗಳಿಂದ ಮುಚ್ಚಿ, ಪಿಸ್ಟನ್ನನ್ನು ಕೆಳಗಿಳಿಸಿ, ಪ್ಲಗ್ಗಿನ ತೂತಿನಿಂದ ಚದರ ಇಂಚಿಗೆ 7 ಪೌಂಡಿನಷ್ಟು ಗಾಳಿಯನ್ನು ತುಂಬಿದರು. ಸಾಬೂನಿನ ನೀರನ್ನು ಸವರಿದಾಗ ಫ್ಲೈವೀಲಿನ ಬದಿಯ ಸೀಲಿನಲ್ಲಿ ಗುಳ್ಳೆಗಳೆದ್ದವು. ಒತ್ತಡಕ್ಕೆ ನಿಂತ ಸೀಲು ಕೂಡ ಎಳೆತಕ್ಕೆ ಸೋಲಬಹುದಾದುದರಿಂದ ಗಾಳಿಯನ್ನು ಹೊರಗೆಳೆದೂ ನೋಡಬೇಕೆಂದು ಅವರು ತಿಳಿಸಿದರು.

ಬೇರಿಂಗು ಸವೆದು ದಂಡವು ಅಲುಗಾಡುತ್ತಿದ್ದರೆ ಹೊಸ ಸೀಲೂ ಬೇಗನೆ ಕೆಡುವುದು; ಆದಕಾರಣ ಮೊದಲು ಅದನ್ನು ನೋಡಬೇಕು. ಅನೇಕ ಗರಗಸಗಳಲ್ಲಿ ಕ್ಲಚ್ಚು ಎಡಸುತ್ತಿನದು; ಬಿಚ್ಚುವಾಗ ಅದನ್ನು ಮರೆಯಬಾರದು. ಹಳೆಯ ಪ್ಯಾಕಿಂಗನ್ನು ಸ್ಕ್ರೂ ಡ್ರೈವರಿನಿಂದ ಕೆರೆಯದೆ ಕಟ್ಟಿಗೆಯ ಚೂರಿನಿಂದ ಮೆಲ್ಲಗೆ ತೆಗೆಯಬೇಕು. ಮೃದುವಾದ ಲೋಹಕ್ಕೆ ಒಂದು ಗೀರು ಬಿದ್ದರೂ ಅಲ್ಲಿಯೇ ಗಾಳಿಗೆ ದಾರಿ. ಸೀಲಿನ ತುಟಿಗೆ ಎಣ್ಣೆ ಸವರಿ, ದಂಡದ ಗಾಡಿಯ ಮೇಲೆ ಟೇಪು ಸುತ್ತಿ, ತುಟಿಯು ಒಳಮುಖವಾಗಿರುವಂತೆ ಸಮನಾಗಿ ಒತ್ತಿ ಕೂಡಿಸಬೇಕು. ಬೋಲ್ಟುಗಳನ್ನು ಒಂದೇ ಬದಿಯಿಂದ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಮುಗಿದ ಮೇಲೆ ಮತ್ತೊಮ್ಮೆ ಗಾಳಿಯ ಪರೀಕ್ಷೆ. ಇಷ್ಟಾದ ಬಳಿಕ ನಮ್ಮ ಗರಗಸದ ಉಸಿರು ಸ್ಥಿಮಿತಕ್ಕೆ ಬಂದಿತು. ಬೆರಳನ್ನು ಬಿಟ್ಟೊಡನೆ ಸರಪಳಿಯು ನಿಂತಿತು.

2025ರಿಂದ ಈಚೆಗೆ ನಮ್ಮ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲು ಬೆರೆತು ಬರುತ್ತಿದೆ. ಅದು ರಬ್ಬರಿಗೆ ಹಿತವಲ್ಲ. ಬಹುದಿನ ಗರಗಸವನ್ನು ಇಡುವುದಿದ್ದರೆ ಟಾಕಿಯನ್ನು ಬರಿದುಮಾಡಿಡುವುದು ಲೇಸು. ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆಂದು ಹಿರಿಯರು ಕೇಳಿದ್ದಾರೆ. ಸರಪಳಿಯು ಹೇಳಿದ ಮಾತನ್ನು ಕೇಳದಾದ ದಿನವೇ ಅದನ್ನು ಕೆಳಗಿಟ್ಟು ಸೀಲನ್ನು ನೋಡುವ ಗೃಹಸ್ಥನು ಇಂಜಿನ್ನನ್ನಷ್ಟೇ ಅಲ್ಲ, ಮನೆಯವರ ಕೈಕಾಲುಗಳನ್ನೂ ಕಾಯುತ್ತಾನೆ.