ಡೈರಿಯ ಡಿಗ್ರಿ, ನನ್ನ ಫಂಕ್ಷನ್ನು

ಬೆಳಿಗ್ಗೆ ಆರೂವರೆಗೆ ನಮ್ಮ ರಾಜಾನುಕುಂಟೆ ಕಡೆಯ ಹಾಲಿನ ಡೈರಿ ಮುಂದೆ ನಿಂತರೆ ಒಂದಾದರೂ ಜಗಳ ಗ್ಯಾರಂಟಿ. ಮೊನ್ನೆಯೂ ಆಯ್ತು. ಸೆಕ್ರೆಟರಿ ಲ್ಯಾಕ್ಟೋಮೀಟರ್ ಇಳಿಬಿಟ್ಟು "ಅಕ್ಕಾ, ಡಿಗ್ರಿ ಬಂದಿಲ್ಲ" ಅಂದರು. "ಮಳೇಲಿ ಹಸೀ ಹುಲ್ಲು ಮೇದೈತೆ ಕಣಣ್ಣಾ, ಅದಕ್ಕೇ" ಅಂತ ಆಕೆ. ವಾದ ಎಷ್ಟೇ ಆದರೂ ಹಾಲು ಮಾತ್ರ ಕ್ಯಾನಿಗೆ ಬೀಳಲಿಲ್ಲ. ಒಮ್ಮೆ ಬಿತ್ತು ಅಂದರೆ ಯಾರ ಹಾಲಿನಲ್ಲಿ ನೀರಿತ್ತು ಅಂತ ಹೇಳೋಕೆ ಬ್ರಹ್ಮನಿಂದಲೂ ಆಗಲ್ಲ. ಇತ್ತ ನಾವು ಅಂಗಡಿಯಿಂದ ತರುವ ನಂದಿನಿ ಟೋನ್ಡ್ ಹಾಲಿನ ಪ್ಯಾಕೆಟ್ಟಿನ ಮೇಲೆ ಕೊಬ್ಬು 3.0, ಎಸ್‌ಎನ್‌ಎಫ್ 8.5 ಅಂತ ಅಚ್ಚಾಗಿರುತ್ತಲ್ಲ, ಅದು ಆ ಕಡೆಯವರು ಕೊಡುವ ಮಾತು.

ಇದನ್ನೇ ಫ್ರಾನ್ಸಿನ ಬರ್ಟ್ರಾಂಡ್ ಮೇಯರ್ 1980ರ ದಶಕದಲ್ಲಿ ಸಾಫ್ಟ್‌ವೇರಿಗೆ ತಂದು 'ಡಿಸೈನ್ ಬೈ ಕಾಂಟ್ರ್ಯಾಕ್ಟ್' ಅಂತ ಹೆಸರಿಟ್ಟರು. ಅವರ ಐಫೆಲ್ ಭಾಷೆಯಲ್ಲಿ ಫಂಕ್ಷನ್ನಿನ ಶುರುವಿಗೆ 'ರಿಕ್ವೈರ್', ಕೊನೆಗೆ 'ಎನ್ಶೂರ್' ಅಂತ ಶರತ್ತು ಬರೆಯಬಹುದು. ಮೊದಲನೆಯದು ಮುರಿದರೆ ಕರೆದವರ ತಪ್ಪು, ಎರಡನೆಯದು ಮುರಿದರೆ ಬರೆದವರ ತಪ್ಪು. ಅಷ್ಟೇ. ಇಂಟರ್‌ವ್ಯೂಗಳಲ್ಲಿ ನಾನೇ ಈ ಪ್ರಶ್ನೆ ಕೇಳಿ ಹುಡುಗರನ್ನು ಗೋಳು ಹುಯ್ದುಕೊಂಡಿದ್ದೇನೆ :)

ಹೀಗಿದ್ದೂ ನಾನು ಮಾಡಿದ್ದು ಕೇಳಿ. ಕೆಲವು ವರ್ಷಗಳ ಹಿಂದೆ ಆಫೀಸಿನಲ್ಲಿ ಒಂದು ಫಂಕ್ಷನ್ ಬರೆದಿದ್ದೆ. ದರಗಳ ಪಟ್ಟಿ ಮತ್ತು ಒಂದು ತಾರೀಖು ಕೊಟ್ಟರೆ ಆ ದಿನ ಯಾವ ದರ ಜಾರಿಯಲ್ಲಿತ್ತು ಅಂತ ಹೇಳುವುದು ಅದರ ಕೆಲಸ. ಆಗ ನನಗೆ ಫಂಕ್ಷನಲ್ ಪ್ರೋಗ್ರಾಮಿಂಗಿನ ಹುಚ್ಚು. ಹೊರಗಿನ ಏನನ್ನೂ ಮುಟ್ಟದ, ಅದೇ ಇನ್‌ಪುಟ್ಟಿಗೆ ಯಾವಾಗಲೂ ಅದೇ ಉತ್ತರ ಕೊಡುವ ಅಪ್ಪಟ ಶುದ್ಧ ಫಂಕ್ಷನ್ ಅದು. ಒಳಗೆ ಬೈನರಿ ಸರ್ಚ್. ಅಂದರೆ ಪಟ್ಟಿ ತಾರೀಖಿನ ಕ್ರಮದಲ್ಲಿ ಇರಲೇಬೇಕು. ಈ ಶರತ್ತು ನನ್ನ ತಲೆಯಲ್ಲಿತ್ತು. ಕೋಡಿನಲ್ಲಿ ಇರಲಿಲ್ಲ, ಕಮೆಂಟಿನಲ್ಲೂ ಇರಲಿಲ್ಲ.

ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಅದನ್ನು ಇನ್ನೊಂದು ಕಡೆ ಬಳಸಿದಳು. ಅವಳ ಪಟ್ಟಿ ಕ್ರಮದಲ್ಲಿರಲಿಲ್ಲ. ಎರರ್ ಬರಲಿಲ್ಲ, ಏನೂ ನಿಲ್ಲಲಿಲ್ಲ, ಒಂದು ವಾರ ಗಿರಾಕಿಗಳಿಗೆ ತಪ್ಪು ಬಿಲ್ಲು ಹೋಯ್ತು. ಶುದ್ಧ ಫಂಕ್ಷನ್ ಪ್ರತಿ ಸಲವೂ ಅದೇ ತಪ್ಪು ಉತ್ತರವನ್ನು ಶುದ್ಧವಾಗಿ ಕೊಡುತ್ತಿತ್ತು! ಮೀಟಿಂಗಿನಲ್ಲಿ ಮ್ಯಾನೇಜರು "ಬಳಸೋ ಮುಂಚೆ ಒಳಗೆ ಏನಿದೆ ಅಂತ ಓದಬಾರದಾ?" ಅಂದರು. ಅವಳು "ಸಾರಿ ಸರ್" ಅಂದಳು. ನಾನು ಪಕ್ಕದಲ್ಲೇ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದೆ.

ಇಂಥದ್ದಕ್ಕೆ ರಾಕೆಟ್ಟೇ ಹೋಗಿದೆ. 1996ರ ಜೂನ್ 4ರಂದು ಏರಿಯಾನ್ 5 ಹಾರಿದ ಒಂದು ನಿಮಿಷದೊಳಗೆ ಚೂರಾಯ್ತು. ಏರಿಯಾನ್ 4ರ ಕೋಡನ್ನೇ ಮತ್ತೆ ಬಳಸಿದ್ದರು. ಅದರಲ್ಲಿ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್ಟಿಗೆ ತುರುಕುವ ಕಡೆ, ಅದು ಹಿಡಿಸುತ್ತೆ ಅನ್ನುವುದು ಹಳೇ ರಾಕೆಟ್ಟಿನ ಮಟ್ಟಿಗೆ ನಿಜವಾಗಿತ್ತು. ಹೊಸದು ಇನ್ನೂ ಜೋರಾಗಿ ಹೋಗುತ್ತಿತ್ತು. ಶರತ್ತನ್ನು ಕೋಡಿನ ಪಕ್ಕದಲ್ಲೇ ಬರೆದಿದ್ದರೆ ಮೊದಲೇ ಕಣ್ಣಿಗೆ ಬೀಳುತ್ತಿತ್ತು ಅಂತ 1997ರಲ್ಲಿ ಮೇಯರ್ ಮತ್ತು ಜೆಝೆಕೆಲ್ ಬರೆದರು. ಓದಿದಾಗ ಹೊಟ್ಟೆಯೊಳಗೆ ಏನೋ ಮಗುಚಿದಂತಾಯ್ತು.

ಹಾಗಂತ ಶರತ್ತು ಹಾಕೋದೂ ಸಲೀಸಲ್ಲ. ಸಾವಿರ ದರಗಳ ಪಟ್ಟಿಯಲ್ಲಿ ಹುಡುಕಲು ಬೈನರಿ ಸರ್ಚಿಗೆ ಹತ್ತು ಸಲ ನೋಡಿದರೆ ಸಾಕು. ಪಟ್ಟಿ ಕ್ರಮದಲ್ಲಿದೆಯಾ ಅಂತ ಖಾತ್ರಿ ಮಾಡಿಕೊಳ್ಳಲು ಸಾವಿರವನ್ನೂ ನೋಡಬೇಕು! ಇಲ್ಲಿ ಫಂಕ್ಷನಲ್ ಮಂದಿಯ ಉಪಾಯ ನನಗೆ ಹಿಡಿಸಿತು. 'ಜೋಡಿಸಿದ ಪಟ್ಟಿ' ಅಂತಲೇ ಬೇರೆ ಟೈಪು ಮಾಡು, ಜೋಡಿಸುವ ಫಂಕ್ಷನ್ ಬಿಟ್ಟು ಇನ್ಯಾರೂ ಅದನ್ನು ತಯಾರಿಸಲಾಗದಂತೆ ಇಡು. ಬಾಗಿಲಲ್ಲಿ ಒಂದು ಸಲ ಪರೀಕ್ಷೆಯಾದರೆ ಒಳಗೆಲ್ಲ ನಿಶ್ಚಿಂತೆ. ಇದೆಲ್ಲ ಪ್ರೊಫೆಸರುಗಳ ಆಟ ಅಂದುಕೊಂಡಿದ್ದೆ. ಆದರೆ 2022ರಲ್ಲಿ ಬೆಂಗಳೂರಿನಲ್ಲೇ ಶುರುವಾದ 'ನಮ್ಮ ಯಾತ್ರಿ' ಆಟೋ ಆಪ್‌ನ ಸರ್ವರ್ ಕಡೆಯ ಕೋಡು ಇರೋದು ಹ್ಯಾಸ್ಕೆಲ್‌ನಲ್ಲಿ, ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿ ಮೀಟರು ಒಂದು ಟೈಪು, ಸೆಕೆಂಡು ಇನ್ನೊಂದು. ದೂರ ಕೇಳುವ ಕಡೆ ಸಮಯ ಕೊಟ್ಟರೆ ಕಂಪೈಲರ್ರೇ ಡೈರಿ ಸೆಕ್ರೆಟರಿ ಥರ "ಡಿಗ್ರಿ ಬಂದಿಲ್ಲ" ಅನ್ನುತ್ತೆ.

ನಮ್ಮ ಆಫೀಸಿನ ಭಾಷೆಯಲ್ಲಿ ಅಷ್ಟು ಅನುಕೂಲ ಇರಲಿಲ್ಲ. ಮೀಟಿಂಗಾದ ವಾರದ ಮೇಲೆ ಸುಮ್ಮನೆ ಸಾವಿರವನ್ನೂ ನೋಡುವ ಚೆಕ್ಕನ್ನೇ ಹಾಕಿದೆ. ಒಟ್ಟು ಎರಡು ಸಾಲು. ನಿಧಾನವಾಯ್ತು ಅಂತ ಇವತ್ತಿನವರೆಗೂ ಯಾರೂ ದೂರಿಲ್ಲ.

ಆಮೇಲೆ ಮ್ಯಾನೇಜರ ಹತ್ತಿರ ಹೋಗಿ "ಆ ಬಗ್ಗು ನಿಜವಾಗಿ ನಂದು ಸರ್" ಅಂದೆ. "ಮುಗಿದ ಕಥೆ ಬಿಡಿ" ಅಂದರು. ಅವಳಿಗೂ ಹೇಳಿದೆ, ಕ್ಯಾಂಟೀನಿನಲ್ಲಿ. ಸ್ವಲ್ಪ ಹೊತ್ತು ಕಾಫಿ ಲೋಟ ತಿರುಗಿಸುತ್ತಾ ಇದ್ದು, "ಅವತ್ತೇ ಹೇಳಬಹುದಿತ್ತಲ್ವಾ ಸರ್?" ಅಂದಳು. ಮರುವರ್ಷ ಬೇರೆ ಕಂಪನಿಗೆ ಹೋದಳು. ವರದಿಯಲ್ಲಿ 'ಕಾರಣ' ಅನ್ನುವ ಜಾಗದಲ್ಲಿ ಈಗಲೂ ಅವಳ ಹೆಸರೇ ಇದೆ.