ವೇಗಕ್ಕೂ ಒಂದು ಜಾಗವಿದೆ

ಮಕ್ಕಳೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿಲೋಮೀಟರ್ ಉದ್ದದ ರೇಸ್ ಟ್ರ್ಯಾಕ್ ಇದೆ. ಹವ್ಯಾಸಿಗಳೂ ಹೆಸರು ನೋಂದಾಯಿಸಿ ಅಲ್ಲಿ ಗಾಡಿ ಓಡಿಸಬಹುದು. ಬೆಂಗಳೂರಿನಿಂದ ನನ್ನ ಮೊಮ್ಮಗ ಹೊರಟಾಗ ಅವನ ಅಜ್ಜಿಗೆ ನಿದ್ದೆಯೇ ಇಲ್ಲ. ನಾನು ಬ್ಯಾಂಕಿನಲ್ಲಿದ್ದವನು, ಅರ್ಜಿ ತರಿಸಿ ಪೂರ್ತಿ ಓದಿದೆ. ಅಪಾಯ ತಿಳಿದೇ ಬಂದಿದ್ದೇನೆ ಎಂಬ ಮುಚ್ಚಳಿಕೆಗೆ ಸಹಿ ಹಾಕಬೇಕು. ಹೆಲ್ಮೆಟ್ ಕಡ್ಡಾಯ. ಮೊದಲು ಬ್ರೇಕು, ಟೈರುಗಳ ತಪಾಸಣೆ. ಆಮೇಲೆ ಬಾವುಟಗಳ ಪಾಠ: ಹಳದಿ ಕಂಡರೆ ನಿಧಾನ, ಯಾರನ್ನೂ ಹಿಂದಿಕ್ಕಬಾರದು, ಕೆಂಪು ಕಂಡರೆ ಓಟ ನಿಂತಂತೆ. ಎದುರಿನಿಂದ ಗಾಡಿಯೂ ಇಲ್ಲ, ರಸ್ತೆ ದಾಟುವ ಮಕ್ಕಳೂ ಇಲ್ಲ. ಇಷ್ಟೆಲ್ಲ ಆದ ಮೇಲೆ ವೇಗ! ಶಾಲೆ ಬಿಡುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಬೈಕು ಹಾರಿಸುವವರಿಗೆ ಇದಾವುದೂ ಇಲ್ಲ.

ಮೊಮ್ಮಗನಿಗೆ ಹೇಳಿದೆ: “ಹೋಗಿ ಬಾರಪ್ಪ. ವೇಗವನ್ನು ಮಾತ್ರ ಅಲ್ಲೇ ಬಿಟ್ಟು ಬಾ.”